ಯಾವ ಹರಿಶ್ಚಂದ್ರ ನಿಜವಾದ ಹರಿಶ್ಚಂದ್ರ?

ಈ ವರ್ಷ ನಮ್ಮ ಶಾಲೆಯ ಕನ್ನಡ ಸಂಘದ ಆಶ್ರಯದಲ್ಲಿ ನಡೆದ ಚರ್ಚಾಸ್ಪರ್ಧೆಯ ವಿಷಯ, "ಹಳೆಯ ಕಪ್ಪು-ಬಿಳುಪು ಚಲಚ್ಚಿತ್ರಗಳಿಗೆ ಬಣ್ಣ ತುಂಬುವುದು ಯೋಗ್ಯವೇ?" ಎಂಬುದಾಗಿತ್ತು. ಪ್ರತಿವರ್ಷವೂ "ವಿಜ್ಞಾನ ವರವೇ ಶಾಪವೇ", "ನಗರ ಜೀವನ ಮೇಲೇ ಹಳ್ಳಿಯ ಜೀವನ ಮೇಲೇ" ಎಂಬ ವಿಷಯಗಳನ್ನೇ ಕೇಳಿ ಬೇಸತ್ತಿದ್ದ ನನಗೆ ಇದು ಹೊಸದೆನಿಸಿತು. ತೀರ್ಪುಗಾರನಾಗಿ ಕುಳಿತುಕೊಳ್ಳಲು ಸಂತೋಷದಿಂದ ಒಪ್ಪಿಕೊಂಡೆ. ಅಂದು ಬಹುಮಾನ ಹಂಚಿ ಮನೆಗೆ ಬಂದದ್ದೇನೋ ಆಯಿತು. ಆದರೆ ನಾನು ಕೊಟ್ಟ ತೀರ್ಪು ನನಗೇ ಸಮಾಧಾನ ತರಲಿಲ್ಲ. ಅಂದು ವೇದಿಕೆಯ ಮೇಲೆ ಹೇಳಲಾಗದೆ ಉಳಿದ ಮಾತುಗಳನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ವಿದ್ಯಾರ್ಥಿ ಮಿತ್ರರ ಮುಂದೆ ಇಡಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಚರ್ಚೆಗೆ ಉದಾಹರಣೆಯಾಗಿ ಮಕ್ಕಳು ಎತ್ತಿಕೊಂಡದ್ದು "ಸತ್ಯ ಹರಿಶ್ಚಂದ್ರ" ಚಿತ್ರವನ್ನು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 1965ರಲ್ಲಿ ತೆರೆಕಂಡ ಈ ಚಿತ್ರದಲ್ಲಿ ಹರಿಶ್ಚಂದ್ರನಾಗಿ ರಾಜಕುಮಾರ್, ಚಂದ್ರಮತಿಯಾಗಿ ಪಂಢರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್ ಅಭಿನಯಿಸಿದ್ದಾರೆ. ನಾಲ್ಕು ದಶಕಗಳ ಮೇಲೆ, 2008ರಲ್ಲಿ, ಇದೇ ಚಿತ್ರಕ್ಕೆ ಗಣಕಯಂತ್ರದ ನೆರವಿನಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಹಿಂದಿಯ "ಮೊಘಲ್-ಎ-ಆಜಮ್" 2004ರಲ್ಲಿ, "ನಯಾ ದೌರ್" 2007ರಲ್ಲಿ ಹೀಗೆಯೇ ಬಣ್ಣ ಪಡೆದಿದ್ದವು. ದಕ್ಷಿಣ ಭಾರತದ ಚಿತ್ರಗಳಲ್ಲಿ ಈ ಬಗೆಯಾಗಿ ಬಣ್ಣ ಕಂಡ ಮೊದಲನೆಯದು ನಮ್ಮ ಕನ್ನಡದ ಹರಿಶ್ಚಂದ್ರನೇ. ಅನಂತರ 2010ರಲ್ಲಿ ತೆಲುಗಿನ "ಮಾಯಾಬಜಾರ್", 2014ರಲ್ಲಿ ಕನ್ನಡದ "ಕಸ್ತೂರಿ ನಿವಾಸ" ಬಣ್ಣದಲ್ಲಿ ಬಂದವು.

ಪರವಾಗಿ ಮಾತನಾಡಿದ ಹತ್ತನೆಯ ತರಗತಿಯ ಹುಡುಗ ಚೆನ್ನಾಗಿ ಸಿದ್ಧನಾಗಿಯೇ ಬಂದಿದ್ದ. "ಮಾನ್ಯ ಅಧ್ಯಕ್ಷರೇ, ಒಂದು ಕ್ಷಣದಲ್ಲಿ ತೆರೆಯ ಮೇಲೆ 24 ಚಿತ್ರಗಳು ಹಾದುಹೋಗುತ್ತವೆ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಬಿಡಿ ಚಿತ್ರಗಳು. ಇಷ್ಟಕ್ಕೂ ಬಣ್ಣ ತುಂಬುವುದು ತಮಾಷೆಯಲ್ಲ. ಹಾಗೆ ತುಂಬುವ ಮೊದಲು ಗೀರು, ಧೂಳು, ಕಲೆಗಳನ್ನು ತೆಗೆದು ಶುಚಿಮಾಡುತ್ತಾರೆ. ಇದರಿಂದ ಹಾಳಾಗುತ್ತಿದ್ದ ಚಿತ್ರ ಉಳಿಯುತ್ತದೆ. ನಮ್ಮ ವಯಸ್ಸಿನವರು ಕಪ್ಪು-ಬಿಳುಪು ಎಂದ ಕೂಡಲೇ ಎದ್ದುಹೋಗುತ್ತಾರೆ. ಬಣ್ಣವಿದ್ದರೆ ಕುಳಿತು ನೋಡುತ್ತಾರೆ. ಯಾರೂ ನೋಡದ ಮೂಲಕ್ಕಿಂತ ಎಲ್ಲರೂ ನೋಡುವ ಬದಲಾವಣೆ ಮೇಲಲ್ಲವೇ?" ಎಂದು ಕೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ವಿರೋಧವಾಗಿ ಮಾತನಾಡಿದ ಹುಡುಗಿಯೂ ಹಿಂದೆ ಬೀಳಲಿಲ್ಲ. "ಕಪ್ಪು-ಬಿಳುಪು ಎಂಬುದು ಕೊರತೆಯಲ್ಲ, ಅದೊಂದು ಭಾಷೆ. ಆ ಕಾಲದ ಛಾಯಾಗ್ರಾಹಕರು ನೆರಳು-ಬೆಳಕನ್ನು ಲೆಕ್ಕಹಾಕಿಯೇ ದೀಪಗಳನ್ನು ಇಡುತ್ತಿದ್ದರು. ಅದರ ಮೇಲೆ ಬಣ್ಣ ಬಳಿಯುವುದೆಂದರೆ ಬೇಲೂರಿನ ಶಿಲಾಬಾಲಿಕೆಗೆ ಸುಣ್ಣಬಣ್ಣ ಹೊಡೆದಂತೆ" ಎಂದಳು. ಈ ಹೋಲಿಕೆಗೂ ಚಪ್ಪಾಳೆ ಬಿತ್ತು.

ಇಲ್ಲಿ ಒಂದು ವಿಷಯವನ್ನು ಮಕ್ಕಳಿಗೆ ವಿವರಿಸಬೇಕು. ಕಪ್ಪು-ಬಿಳುಪು ಫಿಲ್ಮಿನಲ್ಲಿ ವಸ್ತುವಿನ ಬಣ್ಣ ದಾಖಲಾಗುವುದಿಲ್ಲ. ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದಷ್ಟೇ ದಾಖಲಾಗುತ್ತದೆ. ಒಂದು ಕೆಂಪು ಸೀರೆ, ಒಂದು ಹಸಿರು ಸೀರೆ ಎರಡೂ ತೆರೆಯ ಮೇಲೆ ಒಂದೇ ಬೂದು ಛಾಯೆಯಲ್ಲಿ ಕಾಣಬಹುದು. ಆದ್ದರಿಂದ ಬೂದಿಯಿಂದ ಬಣ್ಣವನ್ನು ಗಣಿತದಂತೆ ಬಿಡಿಸಿ ತೆಗೆಯಲಾಗುವುದಿಲ್ಲ. ಚಂದ್ರಮತಿಯ ಸೀರೆಗೆ ಯಾವ ಬಣ್ಣ, ಸಿಂಹಾಸನದ ಮಖಮಲ್ಲಿಗೆ ಯಾವ ಬಣ್ಣ ಎಂಬುದನ್ನು ಈಗಿನ ಯಾರೋ ಕುಳಿತು ನಿರ್ಧರಿಸಬೇಕು. ಅಂದರೆ ಬಣ್ಣದ ಹರಿಶ್ಚಂದ್ರನಲ್ಲಿ ನಾವು ಕಾಣುವುದು ಆ ದಿನ ಸ್ಟುಡಿಯೋದಲ್ಲಿ ಇದ್ದ ಬಣ್ಣವಲ್ಲ. ಈ ದಿನದ ಒಬ್ಬ ಕಲಾವಿದನ ಊಹೆ. ಊಹೆ ಸೊಗಸಾಗಿರಬಹುದು, ಆದರೂ ಅದು ಊಹೆಯೇ.

ನನ್ನ ಮನೆಯ ಅನುಭವವನ್ನೂ ಹೇಳುತ್ತೇನೆ. ನನ್ನ ತಾಯಿ ಈ ಚಿತ್ರವನ್ನು ತಮ್ಮ ತವರಿನ ಕಡೆಯ ಟೂರಿಂಗ್ ಟಾಕೀಸಿನಲ್ಲಿ, ಚಾಪೆಯ ಮೇಲೆ ಕುಳಿತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡಿದವರು. ಮದುವೆಯಾಗಿ ಕೊಯಮತ್ತೂರಿಗೆ ಬಂದ ಮೇಲೆ ಇಲ್ಲಿ ಕನ್ನಡ ಚಿತ್ರ ಅಪರೂಪವಾಯಿತು. ಆರ್.ಎಸ್. ಪುರಂನ ನಮ್ಮ ಮನೆಯಲ್ಲಿ ಬಣ್ಣದ ಪ್ರತಿಯನ್ನು ಹಾಕಿ ತೋರಿಸಿದಾಗ ಅವರು ಅರಮನೆಯ ದೃಶ್ಯಗಳನ್ನು ನೋಡಿ ಹಿಗ್ಗಿದರು. "ಎಷ್ಟು ಚೆನ್ನಾಗಿ ಮಾಡಿದಾರೆ ಕಣೋ" ಎಂದರು. ಸ್ಮಶಾನದ ದೃಶ್ಯ ಬಂದಾಗ ಮಾತ್ರ ಸುಮ್ಮನಾದರು. ಚಿತ್ರ ಮುಗಿದ ಮೇಲೆ, "ಎಲ್ಲಾ ಸರಿ ಕಣಪ್ಪ, ಆದರೆ ಆ ಸುಡುಗಾಡಿನ ಕತ್ತಲೆ ಎಲ್ಲಿ ಹೋಯ್ತು?" ಎಂದು ಕೇಳಿದರು. ನನ್ನ ಮಗಳು, "ಅಜ್ಜಿ, ನಂಗೆ ಹೀಗೇ ಇಷ್ಟ. ಬಣ್ಣ ಇಲ್ಲದಿದ್ದರೆ ನಾನು ನೋಡ್ತಾನೇ ಇರಲಿಲ್ಲ" ಎಂದಳು. ಇಬ್ಬರೂ ಹೇಳಿದ್ದು ನಿಜವೇ. ಇವರಲ್ಲಿ ಯಾರನ್ನು ತಪ್ಪೆನ್ನಲಿ?

ಅಂದು ನಾನು ವಿರೋಧ ಪಕ್ಷಕ್ಕೆ ಮೊದಲ ಬಹುಮಾನ ಕೊಟ್ಟೆ. ಸಭೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಳಿಗೆ ಬಂದು ಕೇಳಿದಳು: "ಸಾರ್, ನೀವು ಪಾಠದಲ್ಲಿ ರಾಘವಾಂಕ ಹಳೆಯ ಕತೆಯನ್ನು ಬದಲಾಯಿಸಿ ಬರೆದ ಅಂತ ಹೇಳಿದ್ರಿ. ಅದು ದೊಡ್ಡ ಕಾವ್ಯ ಆಯ್ತು. ಸಿನಿಮಾದವರು ಬದಲಾಯಿಸಿದರೆ ಮಾತ್ರ ಯಾಕೆ ತಪ್ಪು?"

ಈ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಅವಳು ಹೇಳಿದ್ದರಲ್ಲಿ ಅರ್ಥವಿದೆ. ಹರಿಶ್ಚಂದ್ರನ ಕಥೆ ಐತರೇಯ ಬ್ರಾಹ್ಮಣದಲ್ಲಿ ಒಂದು ರೀತಿ, ಮಾರ್ಕಂಡೇಯ ಪುರಾಣದಲ್ಲಿ ಇನ್ನೊಂದು ರೀತಿ. ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಅದನ್ನು ವಾರ್ಧಕ ಷಟ್ಪದಿಯಲ್ಲಿ ಹೊಸದಾಗಿ ಕಟ್ಟಿದ. ಗಾಣರಾಣಿಯರ ಪ್ರಸಂಗ ಅವನ ಸ್ವಂತ ಕಲ್ಪನೆ ಎಂದೇ ವಿದ್ವಾಂಸರು ಹೇಳುತ್ತಾರೆ. ಪಂಪ ಭಾರತವನ್ನು ತನ್ನ ರೀತಿಯಲ್ಲಿ ಹೇಳಿದ, ಕುಮಾರವ್ಯಾಸ ತನ್ನ ರೀತಿಯಲ್ಲಿ ಹೇಳಿದ. ಬದಲಾವಣೆಯೇ ಅಪರಾಧವೆನ್ನುವುದಾದರೆ ನಮ್ಮ ಸಾಹಿತ್ಯದ ಅರ್ಧಭಾಗವನ್ನು ಆಚೆಗೆ ಹಾಕಬೇಕಾದೀತು.

ಸಿನಿಮಾದಲ್ಲಿಯೂ ಈ ಪರಂಪರೆ ಇದೆ. ಅದಕ್ಕೆ ನಮ್ಮ ಕೊಯಮತ್ತೂರೇ ಸಾಕ್ಷಿ. ಸಾಮಿಕ್ಕಣ್ಣು ವಿನ್ಸೆಂಟರು 1914ರಲ್ಲಿ ವೆರೈಟಿ ಹಾಲ್ ಚಿತ್ರಮಂದಿರವನ್ನು ಕಟ್ಟಿದ ಊರು ಇದು. ಈ ಊರಿನ ಪಕ್ಷಿರಾಜ ಸ್ಟುಡಿಯೋದ ಎಸ್.ಎಂ. ಶ್ರೀರಾಮುಲು ನಾಯ್ಡು ಅವರು 1954ರಲ್ಲಿ ಎಂ.ಜಿ. ರಾಮಚಂದ್ರನ್ ಅಭಿನಯದ "ಮಲೈಕ್ಕಳ್ಳನ್" ಎಂಬ ತಮಿಳು ಚಿತ್ರ ತೆಗೆದರು. ಅದೇ ಕಥೆ ತೆಲುಗಿನಲ್ಲಿ "ಅಗ್ಗಿ ರಾಮುಡು", ಹಿಂದಿಯಲ್ಲಿ "ಆಜಾದ್", ಮಲಯಾಳದಲ್ಲಿ "ತಸ್ಕರವೀರನ್", ಕನ್ನಡದಲ್ಲಿ "ಬೆಟ್ಟದ ಕಳ್ಳ" ಆಗಿ ಬಂತು. ಸಿಂಹಳ ಭಾಷೆಗೂ ಹೋಯಿತು. ನಮ್ಮ "ಕಸ್ತೂರಿ ನಿವಾಸ"ದ ವಿಷಯವೂ ಹಾಗೆಯೇ. ದೊರೆ-ಭಗವಾನ್ ನಿರ್ದೇಶನದಲ್ಲಿ 1971ರಲ್ಲಿ ಬಂದ ಆ ಚಿತ್ರದ ಕಥೆ, 1975ರಲ್ಲಿ ಶಿವಾಜಿ ಗಣೇಶನ್ ಅವರ "ಅವನ್‌ದಾನ್ ಮನಿದನ್" ಆಯಿತು. ನಮ್ಮ ನೆರೆಮನೆಯ ತಮಿಳು ಹಿರಿಯರೊಬ್ಬರು ಕೇಳಿದವರಿಗೆ ಇಲ್ಲವೆನ್ನದ ಆ ಧಣಿಯ ಕಥೆ ತಮಿಳಿನದೇ ಎಂದು ನಂಬಿದ್ದರು. ಕನ್ನಡದ್ದು ಮೊದಲು ಎಂದು ನಾನು, ಶಿವಾಜಿಯ ನಟನೆಯೇ ಮೇಲು ಎಂದು ಅವರು, ಕಾಫಿ ಆರಿಹೋಗುವವರೆಗೆ ವಾದ ಮಾಡಿದ್ದೇವೆ. ಆದರೆ ತಮಿಳು ಚಿತ್ರದಿಂದ ಕನ್ನಡ ಚಿತ್ರಕ್ಕೆ ಅನ್ಯಾಯವಾಯಿತು ಎಂದು ಇಬ್ಬರಿಗೂ ಎಂದೂ ಅನ್ನಿಸಿಲ್ಲ.

ಏಕೆ? ಇದನ್ನು ಯೋಚಿಸುತ್ತ ಹೋದಾಗ ಆ ಹುಡುಗಿಗೆ ಹೇಳಬೇಕಾದ ಉತ್ತರ ನನಗೆ ಹೊಳೆಯಿತು. ರಾಘವಾಂಕ ತನ್ನ ಕಾವ್ಯವನ್ನು ಬರೆದಾಗ ಮಾರ್ಕಂಡೇಯ ಪುರಾಣದ ಓಲೆಗಳನ್ನು ತಿದ್ದಲಿಲ್ಲ, ಸುಡಲೂ ಇಲ್ಲ. ತನ್ನದು ತನ್ನ ಕಾವ್ಯವೆಂದು ತನ್ನ ಹೆಸರಿನಲ್ಲೇ ಹೇಳಿದ. "ಅವನ್‌ದಾನ್ ಮನಿದನ್" ತನ್ನನ್ನು "ಕಸ್ತೂರಿ ನಿವಾಸ" ಎಂದು ಕರೆದುಕೊಳ್ಳಲಿಲ್ಲ. ಹೊಸದು ಹಳೆಯದರ ಪಕ್ಕದಲ್ಲಿ ನಿಂತಿತು. ಆದರೆ ಬದಲಾಯಿಸಿದ ಚಿತ್ರವು ಹಳೆಯದರ ಹೆಸರನ್ನೇ ಇಟ್ಟುಕೊಂಡು, ಹಳೆಯದರ ಜಾಗದಲ್ಲೇ ಕುಳಿತರೆ? ಹಳೆಯದು ಕ್ರಮೇಣ ಕಣ್ಮರೆಯಾದರೆ? ತೊಂದರೆ ಇರುವುದು ಅಲ್ಲಿ.

ಇದಕ್ಕೆ ಜಗತ್ತಿನಲ್ಲೇ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಅಮೆರಿಕದ ಜಾರ್ಜ್ ಲ್ಯೂಕಾಸ್ ಅವರ "ಸ್ಟಾರ್ ವಾರ್ಸ್" ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರ 1977ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಲೋಕವನ್ನೆಲ್ಲ ಬೆರಗುಗೊಳಿಸಿತು. ಇಪ್ಪತ್ತು ವರ್ಷಗಳಾದ ಮೇಲೆ, 1997ರಲ್ಲಿ, ಲ್ಯೂಕಾಸರೇ ಅದನ್ನು ತಿದ್ದಿ "ವಿಶೇಷ ಆವೃತ್ತಿ" ಎಂದು ಮತ್ತೆ ತೆರೆಗೆ ತಂದರು. ಹೊಸ ದೃಶ್ಯಗಳನ್ನು ಸೇರಿಸಿದರು, ಗಣಕಯಂತ್ರದಿಂದ ಹೊಸ ಪ್ರಾಣಿಗಳನ್ನು ಸೃಷ್ಟಿಸಿ ಬಿಟ್ಟರು. ಅಭಿಮಾನಿಗಳು ಹೆಚ್ಚಾಗಿ ಜಗಳವಾಡಿದ್ದು ಕೆಲವೇ ಕ್ಷಣಗಳ ಒಂದು ದೃಶ್ಯದ ಮೇಲೆ. ಹ್ಯಾನ್ ಸೋಲೊ ಎಂಬ ಕಳ್ಳಸಾಗಣೆಯವನನ್ನು ಗ್ರೀಡೊ ಎಂಬವನು ಪಾನಶಾಲೆಯಲ್ಲಿ ಬಂದೂಕು ತೋರಿಸಿ ಹೆದರಿಸುತ್ತಾನೆ. ಮೂಲ ಚಿತ್ರದಲ್ಲಿ ಸೋಲೊ ಮೇಜಿನ ಕೆಳಗಿಂದಲೇ ಅವನಿಗೆ ಗುಂಡು ಹೊಡೆಯುತ್ತಾನೆ. ತಿದ್ದಿದ ಚಿತ್ರದಲ್ಲಿ ಗ್ರೀಡೊ ಮೊದಲು ಹೊಡೆದು ಗುರಿ ತಪ್ಪುತ್ತಾನೆ, ಆಮೇಲೆ ಸೋಲೊ ಹೊಡೆಯುತ್ತಾನೆ. ಈ ದೃಶ್ಯಕ್ಕೆ 2004ರಲ್ಲಿ ಮತ್ತೆ, 2019ರಲ್ಲಿ ಮತ್ತೊಮ್ಮೆ ತಿದ್ದುಪಡಿಯಾಯಿತು.

ಯಾರು ಮೊದಲು ಗುಂಡು ಹೊಡೆದರೆ ಏನಂತೆ, ಇದಕ್ಕೂ ಜಗಳವೇ ಎಂದು ನಗಬಾರದು. ಸೋಲೊ ಮೊದಲಿಗೆ ಸ್ವಾರ್ಥಿ, ಹಣಕ್ಕಾಗಿ ಏನು ಬೇಕಾದರೂ ಮಾಡುವವನು. ಕೊನೆಗೆ ಅವನೇ ತನ್ನ ಪ್ರಾಣವನ್ನು ಪಣಕ್ಕಿಟ್ಟು ಗೆಳೆಯನ ಸಹಾಯಕ್ಕೆ ಬರುತ್ತಾನೆ. ಆರಂಭದಲ್ಲೇ ಅವನನ್ನು ಸಾಧುವಾಗಿ ಮಾಡಿಬಿಟ್ಟರೆ ಕೊನೆಯ ಪರಿವರ್ತನೆಗೆ ಬೆಲೆಯೆಲ್ಲಿ? ನಮ್ಮ ಕಥೆಯಲ್ಲಿ ವಿಶ್ವಾಮಿತ್ರನ ಕಾಠಿಣ್ಯವನ್ನು ಸ್ವಲ್ಪ ಮೆದುಮಾಡಿ, ನಕ್ಷತ್ರಿಕನ ಕಾಟವನ್ನು ಸ್ವಲ್ಪ ಕಡಿಮೆಮಾಡಿ ನೋಡಿರಿ; ಹರಿಶ್ಚಂದ್ರನ ಸತ್ಯದ ತೂಕವೂ ಅಷ್ಟೇ ಕಡಿಮೆಯಾಗುತ್ತದೆ. ಅಮೆರಿಕದ ಆ ಅಭಿಮಾನಿಗಳ ಜಗಳ ನಮಗೆ ಹೊರಗಿನದೆಂದು ನನಗನ್ನಿಸುವುದಿಲ್ಲ.

ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಇದೇ ಲ್ಯೂಕಾಸರು 1988ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಾಜರಾಗಿ, ಹಳೆಯ ಚಿತ್ರಗಳಿಗೆ ಬಣ್ಣ ತುಂಬುವುದನ್ನೂ ಅವುಗಳನ್ನು ಬದಲಾಯಿಸುವುದನ್ನೂ ವಿರೋಧಿಸಿ ಮಾತನಾಡಿದ್ದರು. ಇಂತಹ ಕಲಾಕೃತಿಗಳು ನಾಡಿನ ಆಸ್ತಿ ಎಂಬುದು ಅವರ ವಾದದ ಸಾರ. ಅದೇ ವರ್ಷ ಅಲ್ಲಿ ಚಲಚ್ಚಿತ್ರ ಸಂರಕ್ಷಣೆಗಾಗಿ ಕಾಯಿದೆ ಬಂತು. 1989ರಲ್ಲಿ ಕಾಪಾಡಬೇಕಾದ ಮೊದಲ 25 ಚಿತ್ರಗಳ ಪಟ್ಟಿ ಸಿದ್ಧವಾದಾಗ ಅದರಲ್ಲಿ "ಸ್ಟಾರ್ ವಾರ್ಸ್" ಕೂಡ ಇತ್ತು. ಒಂಬತ್ತು ವರ್ಷಗಳ ಅನಂತರ ತಿದ್ದಿದವರು ಕರ್ತೃವೇ ಆದ್ದರಿಂದ, "ನನ್ನ ಚಿತ್ರ, ನಾನು ತಿದ್ದುತ್ತೇನೆ" ಎನ್ನುವ ಅಧಿಕಾರ ಅವರಿಗಿತ್ತು ಎನ್ನಬಹುದು. ಕವಿ ತನ್ನ ಕವನವನ್ನು ತಿದ್ದುವುದಿಲ್ಲವೇ? ಆದರೆ ಅಲ್ಲಿ ಆದದ್ದು ಬೇರೆ. ತಿದ್ದಿದ ಪ್ರತಿಯೇ ಎಲ್ಲೆಡೆ ಹರಡಿತು, 1977ರ ರೂಪ ಸುಲಭವಾಗಿ ಸಿಗದಾಯಿತು. 2006ರಲ್ಲಿ ಒಮ್ಮೆ ಹೆಚ್ಚುವರಿ ಡಿಸ್ಕಿನಲ್ಲಿ ಅದನ್ನು ಕೊಟ್ಟರಾದರೂ ಹೊಸದಾಗಿ ಶುಚಿಮಾಡಿ ಕೊಡಲಿಲ್ಲ. ಕೊನೆಗೆ ಅಭಿಮಾನಿಗಳೇ ಹಳೆಯ ಪ್ರಿಂಟುಗಳನ್ನು ಹುಡುಕಿ, ವರ್ಷಗಟ್ಟಲೆ ದುಡಿದು, ಮೊದಲಿನ ಚಿತ್ರವನ್ನು ಜೋಡಿಸಿಕೊಂಡರು. 2025ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಚಿತ್ರೋತ್ಸವದಲ್ಲಿ 1977ರ ಮೂಲ ಪ್ರಿಂಟನ್ನು ತೋರಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ತಾವು ಚಿಕ್ಕಂದಿನಲ್ಲಿ ಕಂಡದ್ದನ್ನು ಕಂಡಂತೆಯೇ ಮತ್ತೆ ನೋಡಲು ಜನ ಅಷ್ಟು ಹಂಬಲಿಸಿದ್ದರು.

ದೂರದ ಅಮೆರಿಕದ ಮಾತಾಯಿತು. ನಮ್ಮ ತಮಿಳುನಾಡಿನಲ್ಲಿಯೇ ನಡೆದುದನ್ನು ನೋಡೋಣ. ಧನುಷ್ ಅಭಿನಯಿಸಿದ ಹಿಂದಿ ಚಿತ್ರ "ರಾಂಝಣಾ" 2013ರಲ್ಲಿ ಬಂದಿತ್ತು. ತಮಿಳಿನಲ್ಲಿ ಅದರ ಹೆಸರು "ಅಂಬಿಕಾಪತಿ". ಕೊನೆಯಲ್ಲಿ ನಾಯಕ ಸಾಯುತ್ತಾನೆ. 2025ರ ಆಗಸ್ಟ್ ತಿಂಗಳಲ್ಲಿ ಆ ತಮಿಳು ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದಾಗ, ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಅಂತ್ಯವನ್ನೇ ಬದಲಾಯಿಸಿ ನಾಯಕನನ್ನು ಬದುಕಿಸಲಾಗಿತ್ತು. ನಿರ್ದೇಶಕ ಆನಂದ್ ಎಲ್. ರಾಯ್ ಅವರೂ ಧನುಷ್ ಅವರೂ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಹಕ್ಕು ಪಡೆದವರು ತಮಗೆ ಅಧಿಕಾರವಿದೆ ಎಂದರು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಚಲಚ್ಚಿತ್ರದ ಕರ್ತೃ ಎಂದರೆ ನಿರ್ಮಾಪಕ. ಆ ಹಕ್ಕು ಬೇರೆಯವರ ಕೈಗೆ ಮಾರಾಟವಾಗಬಹುದು. ಬಣ್ಣ ತುಂಬಲು ಹಿಂದೆ ಹತ್ತಾರು ಜನ ತಿಂಗಳುಗಟ್ಟಲೆ ದುಡಿಯಬೇಕಿತ್ತು. ಈಗ ಯಂತ್ರವು ಸತ್ತವನನ್ನು ಬದುಕಿಸುವಷ್ಟು ಮುಂದೆ ಹೋಗಿದೆ. ನಾಳೆ ಯಾರಾದರೂ "ಕಸ್ತೂರಿ ನಿವಾಸ"ದ ಕೊನೆಯನ್ನು ಸುಖಾಂತ ಮಾಡಿ, ಅದೇ ಹೆಸರಿನಲ್ಲಿ ಬಿಟ್ಟರೆ ನಾವೇನು ಹೇಳೋಣ? ಆ ಚಿತ್ರವನ್ನು ಮೊದಲ ಬಾರಿಗೆ ನೋಡುವ ಮಗು ರವಿವರ್ಮನ ಕಥೆ ಹಾಗೆಯೇ ಮುಗಿಯಿತೆಂದು ನಂಬುತ್ತದೆ.

ಬದಲಾವಣೆ ಎಲ್ಲವೂ ಕೆಟ್ಟದ್ದಲ್ಲ ಎಂಬುದಕ್ಕೂ ನಿದರ್ಶನವಿದೆ. 1975ರ "ಶೋಲೆ" ಚಿತ್ರದಲ್ಲಿ ಠಾಕೂರನು ಗಬ್ಬರ್ ಸಿಂಗನನ್ನು ಕೊಲ್ಲುವಂತೆ ಚಿತ್ರೀಕರಿಸಿದ್ದರು. ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರಿನವರು ಒಪ್ಪಲಿಲ್ಲ. ಪೊಲೀಸರು ಬಂದು ಬಂಧಿಸುವಂತೆ ಅಂತ್ಯವನ್ನು ಬದಲಾಯಿಸಬೇಕಾಯಿತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರವನ್ನು ಮೂಲ ಅಂತ್ಯದೊಂದಿಗೆ 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಈಗ ಯಾವುದು ಮೂಲ? ನಿರ್ದೇಶಕರು ಬಯಸಿದ್ದೇ ಅಥವಾ ಕೋಟ್ಯಂತರ ಜನ ಐವತ್ತು ವರ್ಷ ನೋಡಿದ್ದೇ? ಎರಡೂ ಚರಿತ್ರೆಯೇ. ಎರಡೂ ಇರಬೇಕು, ಯಾವುದು ಯಾವುದೆಂದು ನೋಡುವವರಿಗೆ ತಿಳಿಯಬೇಕು.

ಇಲ್ಲಿ ನಮ್ಮ ಹಿರಿಯ ವಿದ್ವಾಂಸರ ದಾರಿಯನ್ನು ನೆನೆಯುವುದು ಉಚಿತ. ಹಳೆಯ ಕಾವ್ಯವನ್ನು ಸಂಪಾದಿಸುವಾಗ ಅವರು ಬೇರೆ ಬೇರೆ ಊರುಗಳಿಂದ ಓಲೆಗರಿಯ ಪ್ರತಿಗಳನ್ನು ತರಿಸಿ ಹೋಲಿಸುತ್ತಿದ್ದರು. ಒಂದು ಪ್ರತಿಯಲ್ಲಿ ಒಂದು ಪದವಿದ್ದರೆ ಮತ್ತೊಂದರಲ್ಲಿ ಬೇರೊಂದು ಪದ. ತಮಗೆ ಸರಿಯೆಂದು ತೋರಿದ್ದನ್ನು ಪದ್ಯದಲ್ಲಿಟ್ಟು, ಉಳಿದವನ್ನು ಪುಟದ ಅಡಿಯಲ್ಲಿ "ಪಾಠಾಂತರ" ಎಂದು ಅಚ್ಚುಹಾಕಿಸುತ್ತಿದ್ದರು. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಮಹಾಭಾರತದ ಪರಿಷ್ಕೃತ ಆವೃತ್ತಿಗಾಗಿ 1,259 ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು. 1919ರಲ್ಲಿ ಹಿಡಿದ ಕೆಲಸ 1966ರಲ್ಲಿ ಮುಗಿಯಿತು. ಅವರು ಬಿಟ್ಟ ಪಾಠವನ್ನು ಎಸೆಯಲಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸಿದರು. ಓದುಗನಿಗೆ ಒಪ್ಪಿಗೆಯಾಗದಿದ್ದರೆ ಕೆಳಗೆ ನೋಡಿ ತಾನೇ ತೀರ್ಮಾನಿಸಬಹುದು. ಚಲಚ್ಚಿತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಬಣ್ಣದ ಹರಿಶ್ಚಂದ್ರ ಒಂದು ಪಾಠಾಂತರ. ಅದು ಇರಲಿ. ಆದರೆ ಅದು ಪಾಠಾಂತರವೆಂದು ನಮಗೆ ಹೇಳಿರಿ, ಮೂಲಪಾಠವನ್ನೂ ಉಳಿಸಿರಿ.

ಉಳಿಸುವ ವಿಷಯದಲ್ಲಿ ನಮ್ಮ ಚರಿತ್ರೆ ಹೆಮ್ಮೆಪಡುವಂತಿಲ್ಲ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ "ಸತಿ ಸುಲೋಚನಾ" 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಆ ಚಿತ್ರದಲ್ಲಿ ಕನ್ನಡ ಹೇಗೆ ಕೇಳಿಸಿತು ಎಂಬುದು ನಮ್ಮ ಕಿವಿಗೆ ಇನ್ನು ದೊರೆಯುವಂತಿಲ್ಲ. ದಾದಾಸಾಹೇಬ್ ಫಾಲ್ಕೆಯವರ 1913ರ "ರಾಜಾ ಹರಿಶ್ಚಂದ್ರ" ಭಾರತದ ಮೊದಲ ಪೂರ್ಣ ಪ್ರಮಾಣದ ಚಿತ್ರವೆಂದು ಪಾಠದಲ್ಲಿ ಓದುತ್ತೇವೆ. ಅದರಲ್ಲಿ ಉಳಿದಿರುವುದು ಕೆಲವು ಭಾಗ ಮಾತ್ರ. ಫಾಲ್ಕೆಯವರು ಅದೇ ಕಥೆಯನ್ನು 1917ರಲ್ಲಿ ಮತ್ತೊಮ್ಮೆ ಚಿತ್ರಿಸಿದ್ದರು. ಈಗ ಉಳಿದಿರುವ ತುಣುಕುಗಳು 1913ರವೇ ಅಥವಾ 1917ರವೇ ಎಂಬ ಬಗ್ಗೆ ವಿದ್ವಾಂಸರಲ್ಲಿಯೇ ಒಮ್ಮತವಿಲ್ಲ. ಸತ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡ ರಾಜನ ಚಿತ್ರದಲ್ಲಿಯೇ ಯಾವುದು ನಿಜವೆಂದು ಹೇಳಲಾಗದ ಸ್ಥಿತಿ ನಮಗೆ ಬಂದಿದೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ.ಕೆ. ನಾಯರ್ ಅಂತಹವರು ಊರೂರು ತಿರುಗಿ ರೀಲುಗಳನ್ನು ಕೂಡಿಹಾಕದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೂ 2003ರ ಜನವರಿಯಲ್ಲಿ ಪುಣೆಯಲ್ಲಿ ಹಳೆಯ ನೈಟ್ರೇಟ್ ಫಿಲ್ಮುಗಳಿದ್ದ ಕೊಠಡಿಗೆ ಬೆಂಕಿ ಬಿದ್ದು ಎಷ್ಟೋ ರೀಲುಗಳು ಬೂದಿಯಾದವು.

ಕರ್ನಾಟಕದ ಹೊರಗಿರುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ಇಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷ್. ಮಗ್ಗದ ಮನೆಗಳ, ಅಂಗಡಿ ಮನೆಗಳ ನಮ್ಮ ಮಕ್ಕಳು ಆಡುವ ಕನ್ನಡ ಸಿಹಿಯಾದದ್ದೇ. ಆದರೆ ಅದರಲ್ಲಿ ತಮಿಳು ಬೆರೆತಿರುತ್ತದೆ. ಒಂದು ಉದ್ದ ವಾಕ್ಯವನ್ನು ತಡೆಯಿಲ್ಲದೆ, ಸ್ಪಷ್ಟವಾಗಿ, ಗಂಭೀರವಾಗಿ ಹೇಳುವ ಕನ್ನಡವನ್ನು ನಾವು ಕೇಳುವುದು ಪಾಠದ ಕೊಠಡಿಯಲ್ಲಿ. ಅದು ಬಿಟ್ಟರೆ ಇಂತಹ ಹಳೆಯ ಚಿತ್ರಗಳಲ್ಲಿ. ನನ್ನ ತರಗತಿಯಲ್ಲಿ ಅಲ್ಪಪ್ರಾಣ-ಮಹಾಪ್ರಾಣ ತಪ್ಪುತ್ತಿದ್ದ ಹುಡುಗನೊಬ್ಬ "ಸತ್ಯ ಹರಿಶ್ಚಂದ್ರ"ದ ಸಂಭಾಷಣೆಯನ್ನು ಕಂಠಪಾಠ ಮಾಡಿ ಶಾಲಾ ದಿನದಂದು ಒಂದೂ ತಪ್ಪಿಲ್ಲದೆ ಒಪ್ಪಿಸಿದ. ಅವನು ನೋಡಿದ್ದು ಬಣ್ಣದ ಪ್ರತಿಯನ್ನೇ. ಆ ದಿನದಿಂದ ಬಣ್ಣದ ಪ್ರತಿಯನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಂಭಾಷಣೆಯನ್ನೇ ಕತ್ತರಿಸಿ, ಈಗಿನವರಿಗೆ ಅರ್ಥವಾಗಲೆಂದು ಯಂತ್ರದ ಧ್ವನಿಯಲ್ಲಿ ಸುಲಭ ಮಾತು ತುಂಬಿದ ಪ್ರತಿ ನಾಳೆ ಬಂದು, ಅದೊಂದೇ ಸಿಗುವಂತಾದರೆ, ಅಂತಹ ಹುಡುಗನಿಗೆ ನಾನು ಏನನ್ನು ತೋರಿಸಲಿ?

ಹಾಗಾದರೆ ಮಾಡಬೇಕಾದುದೇನು? ನನಗೆ ತೋರುವುದು ಮೂರು ಮಾತು. ಮೊದಲನೆಯದು, ಯಾರೇ ಆಗಲಿ, ಕರ್ತೃವೇ ಆಗಲಿ, ಹಳೆಯ ಚಿತ್ರವನ್ನು ಬದಲಾಯಿಸಿದರೆ ಮೂಲ ರೂಪವನ್ನೂ ಅಷ್ಟೇ ಶುಚಿಯಾಗಿ, ಅಷ್ಟೇ ಸುಲಭವಾಗಿ ಜನರಿಗೆ ಸಿಗುವಂತೆ ಇಡಬೇಕು. ಗೀರು ತೆಗೆಯಲು ಹೇಗೂ ಮೂಲದಿಂದಲೇ ಕೆಲಸ ಆರಂಭವಾಗುತ್ತದೆ; ಆ ಶುಚಿಯಾದ ಕಪ್ಪು-ಬಿಳುಪು ಪ್ರತಿಯನ್ನು ಕಪಾಟಿನಲ್ಲಿ ಬೀಗಹಾಕಿ ಇಡುವುದೇಕೆ? ಎರಡನೆಯದು, ಬದಲಾದ ಚಿತ್ರದ ಆರಂಭದಲ್ಲಿಯೇ ಏನೇನು ಬದಲಾಗಿದೆ, ಯಾವ ವರ್ಷ, ಯಾರಿಂದ ಎಂದು ತೆರೆಯ ಮೇಲೆ ತಿಳಿಸಬೇಕು. ಔಷಧಿಯ ಸೀಸೆಗೆ ಚೀಟಿ ಅಂಟಿಸುವಂತೆ ಇದೂ ಕಡ್ಡಾಯವಾಗಲಿ. ಮೂರನೆಯದು, ಕಥೆಯನ್ನೇ ಬದಲಾಯಿಸಬೇಕೆಂಬ ಆಸೆಯಿದ್ದವರು ರಾಘವಾಂಕನಂತೆ ಹೊಸ ಕೃತಿಯನ್ನೇ ಮಾಡಲಿ, ಹೊಸ ಹೆಸರಿಡಲಿ. ಸತ್ತ ನಟರ ಮುಖಕ್ಕೂ ದನಿಗೂ ಅವರು ಆಡದ ಮಾತನ್ನು ಕಟ್ಟುವುದು ಬೇಡ.

ಇದು ತುರ್ತಿನ ವಿಷಯ ಏಕೆಂದರೆ, ಕಾಯಿದೆಯ ಪ್ರಕಾರ ಚಲಚ್ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 1965ರ ಚಿತ್ರಕ್ಕೆ ಅದು 2025ರ ಕೊನೆಯವರೆಗೆ. ಆಮೇಲೆ ಅಂತಹ ಚಿತ್ರಗಳು ಒಂದೊಂದಾಗಿ ಎಲ್ಲರ ಸ್ವತ್ತಾಗುತ್ತವೆ. ಯಾರು ಬೇಕಾದರೂ ತೋರಿಸಬಹುದು ಎಂಬುದು ಸಂತೋಷ. ಯಾರು ಬೇಕಾದರೂ ತಿದ್ದಬಹುದು ಎಂಬುದು ಆತಂಕ. ಎಲ್ಲರ ಸ್ವತ್ತಾದ ಕೆರೆಯನ್ನು ಯಾರೂ ಹೂಳೆತ್ತದೆ ಬಿಟ್ಟದ್ದನ್ನು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಹಳೆಯ ಚಿತ್ರಗಳಿಗೂ ಹಾಗಾಗಬಾರದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಒಂದು ಭಾನುವಾರ ಅವರ ಜೊತೆ ಕುಳಿತು ಇಂತಹ ಒಂದು ಚಿತ್ರ ನೋಡಿರಿ. ಬಣ್ಣದ್ದು ಸಿಕ್ಕರೆ ಬಣ್ಣದ್ದನ್ನೇ ನೋಡಿ, ಸಂಕೋಚ ಬೇಡ. ಆಮೇಲೆ ಕಪ್ಪು-ಬಿಳುಪಿನದನ್ನೂ ಹುಡುಕಿ ನೋಡಿ. ಮೊದಲು ನೋಡಿದಾಗ ಹೇಗಿತ್ತು ಎಂದು ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಹಾಡು ಇತ್ತು, ಯಾವುದು ಈಗ ಕಾಣೆ, ಯಾವ ದೃಶ್ಯದಲ್ಲಿ ಟೆಂಟಿನವರೆಲ್ಲ ಅತ್ತರು ಎಂಬುದೆಲ್ಲ ಬರಲಿ. ಅಂತಹ ಬರಹಗಳನ್ನು ಮುಂದಿನ ವರ್ಷದ ಸಂಚಿಕೆಗೆ ಕೊಟ್ಟರೆ ಅಚ್ಚುಮಾಡಿಸುವ ಹೊಣೆ ನನ್ನದು.

ಕೊನೆಯದಾಗಿ ನನ್ನ ತೀರ್ಪಿನ ಮಾತು. ಅಂದಿನ ಬಹುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ; ವಿರೋಧವಾಗಿ ಮಾತನಾಡಿದ ಹುಡುಗಿ ಅದಕ್ಕೆ ಅರ್ಹಳೇ. ಆದರೆ ಪರವಾಗಿ ಮಾತನಾಡಿದ ಹುಡುಗನ ಮಾತಿನಲ್ಲಿಯೂ ಸತ್ಯವಿತ್ತು, ಪ್ರಶ್ನೆ ಕೇಳಿದ ಒಂಬತ್ತನೆಯ ತರಗತಿಯ ಹುಡುಗಿಯಂತೂ ನನ್ನನ್ನು ಮತ್ತೆ ಓದಲು ಕೂರಿಸಿದಳು. ಯಾವ ಹರಿಶ್ಚಂದ್ರ ನಿಜವಾದ ಹರಿಶ್ಚಂದ್ರ ಎಂದು ಈಗ ಯಾರಾದರೂ ಕೇಳಿದರೆ, 1965ರದು ಮೂಲ, 2008ರದು ಅದರ ಬಣ್ಣದ ಪಾಠಾಂತರ ಎಂದು ಹೇಳಿ, ಎರಡನ್ನೂ ಕಪಾಟಿನಿಂದ ತೆಗೆದುಕೊಡಲು ನಾನು ಬಯಸುತ್ತೇನೆ. ಎರಡೂ ಕಪಾಟಿನಲ್ಲಿ ಇರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.